ಪವಳಂ ನಮ್ಮ ಮನೆಗೆ ಬಂದದ್ದು

ದೊಡ್ಡಬಳ್ಳಾಪುರ,
26-2-1969, ಬುಧವಾರ

ಪ್ರೀತಿಯ ಅಮ್ಮಾ,

ನಿನ್ನ ಮಗಳು ಲಕ್ಷ್ಮೀದೇವಿಯ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ಚಳಿ ಕಳೆದ ಮೇಲೆ ಸ್ವಲ್ಪವಾದರೂ ಇಳಿದಿರಬೇಕು. ಹುಣಿಸೆಹಣ್ಣು ಬಡಿಯುವ ಕಾಲ ಇದು. ನಲ್ಲೂರಿನಲ್ಲಿ ಎಲ್ಲರೂ ತೋಪಿಗೆ ಹೋದರೆ ನೀನೊಬ್ಬಳು ಮನೆಯಲ್ಲಿ ಕೂರುವವಳಲ್ಲ ಎಂದು ನನಗೆ ಗೊತ್ತು. ಬೇಡ ಎಂದರೆ ಕೇಳುವುದಿಲ್ಲ, ಬಗ್ಗಿ ಆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಕೂತು ಬೀಜ ಬಿಡಿಸುವುದನ್ನಾದರೂ ಇಟ್ಟುಕೋ. ಕಪ್ಪು ಹಸು ಈ ಸಲ ಏನು ಕರು ಹಾಕಿತು? ನಾವಿಲ್ಲಿ ಮೂವರೂ ಚೆನ್ನಾಗಿದ್ದೇವೆ. ನಿನ್ನ ಅಳಿಯಂದಿರಿಗೆ ಮಗ್ಗದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿ ತಿಂಗಳಾಯಿತು. ಬಾಡಿಗೆ ಮನೆ ಚಿಕ್ಕದು, ಆದರೆ ನೀರು ಬಾಗಿಲಲ್ಲೇ ಬರುತ್ತದೆ. ಹಗಲೆಲ್ಲ ಬೀದಿಯ ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿರುತ್ತವೆ, ಮೊದಲ ವಾರ ತಲೆನೋವು ಬಂತು, ಈಗ ಭಾನುವಾರ ಶಬ್ದವಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಈ ಕಾಗದವನ್ನು ಅಣ್ಣನೇ ನಿನಗೆ ಓದಿ ಹೇಳಬೇಕು, ಬೇರೆ ದಾರಿ ಇಲ್ಲ. ಆಂಜಿನಪ್ಪಣ್ಣಾ, ನೀನು ಓದುವುದರಲ್ಲಿ ಗಟ್ಟಿಗ, ಆದರೆ ನಿನಗೆ ಬೇಡವಾದ ಸಾಲನ್ನು ಹಾರಿಸುವ ಅಭ್ಯಾಸ ಚಿಕ್ಕಂದಿನಿಂದ ಇದೆ. ಅಪ್ಪ ಇದ್ದಾಗ ದೊಡ್ಡಪ್ಪನ ಕಾಗದ ಬಂದರೆ ಬೈಗುಳವನ್ನೆಲ್ಲ ನುಂಗಿ ಕ್ಷೇಮಸಮಾಚಾರ ಮಾತ್ರ ಓದುತ್ತಿದ್ದೆ. ಅದು ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಒಪ್ಪುತ್ತೇನೆ. ಇದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಓದು.

ಅಮ್ಮಾ, ಡಿಸೆಂಬರಿನಲ್ಲಿ ನಾವು ಸಿಲೋನಿನಿಂದ ಬಂದು ಕುಂದಾಣದ ಅತ್ತೆಮನೆಯಲ್ಲಿ ಇಳಿದಾಗ ನೀನು ಬರಲಿಲ್ಲ. ಅಣ್ಣನ ಕೈಲಿ ಹೇಳಿ ಕಳಿಸಿದೆ: “ಆ ಮಗೂನ ಬಿಟ್ಟು ಬರೋದಾದ್ರೆ ಬರ್ಲಿ, ಇಲ್ದಿದ್ರೆ ನನ್ ಹೊಸಲು ತುಳಿಯೋದು ಬೇಡ.” ನನಗೆ ಕೋಪವಿಲ್ಲ. ನಿನ್ನ ಲೆಕ್ಕಾಚಾರ ಬೇರೆ ಇತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ನನ್ನ ಮಡಿಲು ತುಂಬಲಿಲ್ಲ. ಶಿವಗಂಗೆಯ ಬೆಟ್ಟವನ್ನು ನೀನೇ ಎರಡು ಸಲ ನನ್ನ ಕೈ ಹಿಡಿದು ಹತ್ತಿಸಿದೆ. ಕೊನೆಗೆ ಅಣ್ಣನ ಎರಡನೆಯ ಮಗ, ಅಪ್ಪನ ಹೆಸರಿಟ್ಟ ಬೈಲಪ್ಪನನ್ನು ನನಗೆ ದತ್ತು ಕೊಡಿಸುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ನಾನು ಹತ್ತು ವರ್ಷದ ಹೆಣ್ಣುಮಗಳ ಕೈ ಹಿಡಿದು ಬಂದೆ. ನಿನಗೆ ನೋವಾಗದೆ ಇರುತ್ತದೆಯೇ? ಆದರೆ ಅವಳು ಹೇಗೆ ಬಂದಳು ಎಂದು ನೀನು ಯಾರಿಂದಲೂ ಕೇಳಿಲ್ಲ. ನನ್ನಿಂದ ಕೇಳು.

ನಿನ್ನ ಅಳಿಯಂದಿರು ಕೊಲಂಬೊ ಹತ್ತಿರದ ಬಟ್ಟೆ ಗಿರಣಿಗೆ ನಾಲ್ಕು ವರ್ಷದ ಕರಾರಿನ ಮೇಲೆ ಹೋದದ್ದು ನಿನಗೆ ಗೊತ್ತು. ಅಲ್ಲಿ ಪಕ್ಕದ ಮನೆಯಲ್ಲಿ ಯಾಳ್ಪಾಣದ, ಅಂದರೆ ಜಾಫ್ನಾ ಕಡೆಯ, ಒಬ್ಬ ಟೀಚರಮ್ಮ ಇದ್ದರು. ನನಗೆ ತಮಿಳು ಮಾತು ತಿದ್ದಿದವರು ಅವರೇ. ಅವರು ಒಂದು ದಿನ, ಬೆಟ್ಟದ ಮೇಲೆ ಹಟ್ಟನ್ ಕಡೆ ಒಂದು ಅನಾಥಾಲಯವಿದೆ, ತಬ್ಬಲಿ ಕೂಸುಗಳಿವೆ, ಹೋಗಿ ನೋಡಿ ಬನ್ನಿ ಎಂದರು. ಹೋದ ವರ್ಷ ಸಂಕ್ರಾಂತಿ ಆದ ಮೇಲೆ ಹೊರಟೆವು. ರೈಲು ಮೇಲೆ ಮೇಲೆ ಹತ್ತುತ್ತಾ ಹೋಗುತ್ತದೆ, ಎಲ್ಲಿ ನೋಡಿದರೂ ಟೀ ಗಿಡ, ತಲೆ ಬಾಚಿ ಬೈತಲೆ ತೆಗೆದ ಹಾಗೆ ಗುಡ್ಡವೆಲ್ಲ ಸಾಲು ಸಾಲು. ಟೀ ತೋಟದ ಕೂಲಿಯವರೆಲ್ಲ ನೂರು ವರ್ಷದ ಹಿಂದೆ ನಮ್ಮ ದೇಶದಿಂದಲೇ ಹೋದ ತಮಿಳರು. ನಾವು ಹೋದದ್ದು ಕೈಗೂಸು ನೋಡಲು, ಅಮ್ಮ. ಗಂಡಾದರೂ ಸರಿ ಹೆಣ್ಣಾದರೂ ಸರಿ, ಎತ್ತಿಕೊಳ್ಳುವ ಮಗು ಬೇಕು ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡೆವು.

ಅನಾಥಾಲಯದ ದೊಡ್ಡ ಸಿಸ್ಟರ್ ನಮ್ಮನ್ನು ಒಂದು ಉದ್ದನೆಯ ಕೋಣೆಗೆ ಕರೆದುಕೊಂಡು ಹೋದರು. ಹದಿನಾಲ್ಕು ಕೂಸುಗಳು ಸಾಲಾಗಿ ಮಲಗಿದ್ದವು. ಯಾರೋ ಕರೆದರೆಂದು ಸಿಸ್ಟರ್ ಹೋದರು, ನಮ್ಮನ್ನು ಒಂದು ಹುಡುಗಿಯ ವಶಕ್ಕೆ ಬಿಟ್ಟರು. ಒಂಬತ್ತು ವರ್ಷದವಳು, ಕಪ್ಪಗೆ, ಸಣಕಲು, ಎರಡು ಜಡೆ. ಅವಳು ನಮ್ಮನ್ನು ಒಂದೊಂದೇ ಮಗುವಿನ ಹತ್ತಿರ ನಿಲ್ಲಿಸಿ ಹೇಳುತ್ತಾ ಹೋದಳು. ಅವಳ ಮಾತೆಲ್ಲ ತಮಿಳು, ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಇವನು ಬಲಮಗ್ಗುಲಲ್ಲಿ ಹಾಕ್ಕೊಂಡ್ರೆ ಮಾತ್ರ ಹಾಲು ಕುಡೀತಾನೆ. ಇವಳಿಗೆ ಕಿವಿ ಸೋರುತ್ತೆ, ಆದ್ರೆ ಜಾಣೆ, ಎಲ್ಲಾ ತಿಳಿಯುತ್ತೆ. ಇವನ ಅಳು ಕೇಳಿ ಭಯ ಪಡ್ಬೇಡಿ, ಅಳ್ತಾ ಅಳ್ತಾನೇ ನಿದ್ದೆ ಹೋಗ್ತಾನೆ.” ಹೆಣ್ಣು ಕೊಡುವ ಮನೆಯ ಹಿರಿಯಳು ಗಂಡಿನ ಕಡೆಯವರಿಗೆ ಹೇಳುವಂತಿತ್ತು ಅವಳ ಧಾಟಿ. ಒಂದು ದೋಷ ಹೇಳಿದರೆ ಅದರ ಹಿಂದೆಯೇ ಒಂದು ಗುಣ. ಹೀಗೆ ಎಷ್ಟು ಜನಕ್ಕೆ ಹೇಳಿದ್ದಾಳೋ, ಎಷ್ಟು ಕೂಸುಗಳನ್ನು ಬಾಗಿಲ ತನಕ ಎತ್ತಿಕೊಂಡು ಹೋಗಿ ಕೊಟ್ಟಿದ್ದಾಳೋ. ಹದಿನಾಲ್ಕೂ ಮುಗಿದ ಮೇಲೆ ನನಗೆ ಬಾಯಿಗೆ ಬಂತು, “ನಿನ್ ವಿಷಯ ಹೇಳ್ಲೇ ಇಲ್ವಲ್ಲಮ್ಮ” ಎಂದು ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. “ನಂದಾ? ಯಾರೂ ಕೇಳಿಲ್ಲ. ಯೋಚ್ನೆ ಮಾಡಿಲ್ಲ” ಎಂದಳು.

ಸಿಸ್ಟರ್ ಆಮೇಲೆ ಹೇಳಿದರು, ಹೆಸರು ಪವಳಂ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಗುಡ್ಡ ಕುಸಿದು ತೋಟದ ಕೂಲಿ ಮನೆಗಳ ಮೇಲೆ ಬಿತ್ತು, ತಂದೆ ತಾಯಿ ಇಬ್ಬರೂ ಹೋದರು. ಇವಳು ಪಕ್ಕದ ಸಾಲಿನ ಮನೆಗೆ ಬೆಂಕಿ ತರಲು ಹೋಗಿದ್ದಳು, ಉಳಿದುಕೊಂಡಳು. ದೊಡ್ಡ ಮಕ್ಕಳನ್ನು ಯಾರೂ ಕೇಳುವುದಿಲ್ಲ, ಇಲ್ಲೇ ಬೆಳೆದು ಇಲ್ಲೇ ಕೆಲಸಕ್ಕೆ ನಿಲ್ಲುತ್ತಾರೆ ಎಂದರು. ನಾವು ಯೋಚಿಸಿ ತಿಳಿಸುತ್ತೇವೆ ಎಂದು ಹೊರಟು ಗೇಟಿನ ತನಕ ಬಂದಿದ್ದೆವು. ಹಿಂದಿನಿಂದ ಓಡಿಬಂದಳು. ಏದುಸಿರು ಬಿಡುತ್ತಾ, “ಯೋಚ್ನೆ ಮಾಡ್ದೆ. ನಾನು ಬೇಗ ಬೇಗ ತಿಂತೀನಿ. ಮಳೆ ಜೋರಾದ್ರೆ ಹೆದರ್ತೀನಿ, ಆದ್ರೆ ಅಳಲ್ಲ. ಒಂದು ಸಲ ಹೇಳಿದ್ರೆ ನೆನಪಿರುತ್ತೆ” ಎಂದಳು. ಹೇಳಿ, ನಮ್ಮ ಉತ್ತರಕ್ಕೂ ಕಾಯದೆ ವಾಪಸು ಓಡಿದಳು, ಒಳಗೆ ಯಾವುದೋ ಕೂಸು ಅಳುತ್ತಿತ್ತು.

ವಾಪಸು ರೈಲು ಹತ್ತಿದೆವು. ನಿನ್ನ ಅಳಿಯಂದಿರು ಮಾತು ಕಡಿಮೆ ಎಂದು ನೀನೇ ಎಷ್ಟೋ ಸಲ ಆಡಿಕೊಂಡಿದ್ದೀಯ. ನಾಲ್ಕೈದು ಸ್ಟೇಷನ್ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಲೇ, “ಮಳೆಗೆ ಹೆದರಿದ್ರೆ ಏನಂತೆ, ನಮ್ ಕುಂದಾಣದಲ್ಲಿ ಮಳೆ ಎಲ್ ಬರುತ್ತೆ” ಎಂದರು. ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಎದುರು ಕೂತಿದ್ದ ಸಿಂಹಳದ ಮುದುಕಿ ಏನೋ ಆಗಿದೆ ಎಂದು ತನ್ನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಕೊಟ್ಟಳು.

ಅಲ್ಲಿಂದ ಕೋರ್ಟು. ದತ್ತು ಆಗಬೇಕಾದರೆ ಅಲ್ಲಿಯ ನ್ಯಾಯಾಧೀಶರು ಒಪ್ಪಬೇಕು, ಮಗುವಿಗೆ ತಿಳುವಳಿಕೆ ಬಂದಿದ್ದರೆ ಅದರ ಬಾಯಿಂದಲೂ ಕೇಳುತ್ತಾರೆ. ಅರ್ಜಿ ಹಾಕಿ, ಓಡಾಡಿ, ಮೇ ತಿಂಗಳಿಗೆ ವಿಚಾರಣೆ ಬಂತು. ಅಷ್ಟರಲ್ಲಿ ನಾವು ಆರೇಳು ಸಲ ಹೋಗಿ ಅವಳನ್ನು ನೋಡಿಕೊಂಡು ಬಂದಿದ್ದೆವು. ಇವರು ಅವಳಿಗೆ ಕನ್ನಡದ ಒಂದೊಂದು ಮಾತು ಕಲಿಸುತ್ತಿದ್ದರು. ಒಪ್ಪಿಗೆಯ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನ್ಯಾಯಾಧೀಶರು ಕನ್ನಡಕ ಹಾಕಿದ ವಯಸ್ಸಾದವರು, ದುಭಾಷಿಯ ಮೂಲಕ ಮೆಲ್ಲಗೆ ಕೇಳಿದರು: ಇವರ ಜೊತೆ ಇವರ ಮಗಳಾಗಿ ಹೋಗುತ್ತೀಯಾ? ಅವಳು ಬಾಯಿ ಬಿಡಲಿಲ್ಲ. ಎರಡನೆಯ ಸಲ ಕೇಳಿದರು. ಮೂರನೆಯ ಸಲವೂ ಕೇಳಿದರು. ತಲೆ ತಗ್ಗಿಸಿ ತನ್ನ ಕಾಲುಬೆರಳನ್ನೇ ನೋಡುತ್ತಾ ನಿಂತಳು. “ಬಲವಂತ ಬೇಡ, ಒಂದು ತಿಂಗಳು ಬಿಟ್ಟು ಬನ್ನಿ, ಅಲ್ಲಿವರೆಗೆ ನೀವೂ ಹೋಗಿ ಮಗುವಿನ ಮನಸ್ಸು ತಿರುಗಿಸಬೇಡಿ” ಎಂದು ಕಳಿಸಿದರು.

ಮಗುವಿನ ವಿಷಯ ನಾನು ಎರಡು ಸಾಲು ಬರೆದದ್ದಕ್ಕೆ ಆ ತಿಂಗಳಿನಲ್ಲಿಯೇ ನಿನ್ನ ಕಾಗದ ಬಂದದ್ದು. ಅಣ್ಣನ ಅಕ್ಷರ, ನಿನ್ನ ಮಾತು. “ಕುಲ ಗೊತ್ತಿಲ್ಲ, ಬುಡ ಗೊತ್ತಿಲ್ಲ, ಬೆಳೆದ ಮರಾನ ಕಿತ್ತು ನೆಡ್ತೀಯಾ? ಕಣ್ಣೆದುರಿಗೆ ನಮ್ ಮನೆ ಗಂಡುಮಗ ಇಲ್ವಾ?” ಒಂದು ಸತ್ಯ ಹೇಳುತ್ತೇನೆ ಅಮ್ಮ, ಈವರೆಗೂ ಹೇಳಿರಲಿಲ್ಲ. ಆ ಕಾಗದ ಓದಿ ನಾನು ನಿನ್ನ ಕಡೆಯೇ ಆಗಿದ್ದೆ. ಎಷ್ಟು ಸಲ ಹೋದೆವು, ಎಷ್ಟು ಆಸೆ ಇಟ್ಟುಕೊಂಡೆವು, ಅವಳಿಗೆ ನಾವು ಬೇಡ, ಅಷ್ಟೇ ತಾನೆ. “ಬಿಟ್ಬಿಡಿ, ಅವಳಿಗೇ ಇಷ್ಟ ಇಲ್ಲ, ಊರಿಗೆ ಹೋಗಿ ಅಣ್ಣನ ಮಗನ್ನೇ ತಗೊಳ್ಳೋಣ” ಎಂದು ಇವರಿಗೆ ಹೇಳಿದೆ. ನಿನಗೆ ಹಾಗೆಂದು ಉತ್ತರವನ್ನೂ ಬರೆದಿಟ್ಟೆ. ಇವರು, “ಇಷ್ಟ ಇಲ್ಲ ಅಂತ ಅವಳು ಹೇಳ್ಲಿಲ್ವಲ್ಲ, ಸುಮ್ನಿದ್ಲು ಅಷ್ಟೆ. ಇನ್ನೊಂದ್ಸಲ ಕೇಳ್ಕೊಂಡ್ ಬರೋಣ” ಎಂದರು. ಬರೆದ ಕಾಗದ ಅಂಚೆಗೆ ಹೋಗಲಿಲ್ಲ. ಆ ಒಂದು ಮಾತಿಗೆ ನಾನು ಈ ಜನ್ಮವಿಡೀ ಅವರಿಗೆ ಋಣಿ.

ತಿಂಗಳು ಕಳೆದು ಮತ್ತೆ ಹೋದೆವು. ನ್ಯಾಯಾಧೀಶರು ಕೇಳುವ ಮೊದಲೇ, “ಹೋಗ್ತೀನಿ” ಎಂದಳು. ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅವತ್ತು ಸೆಲ್ವಿಗೆ ಇನ್ನೂ ಬರ್ತಿರ್ಲಿಲ್ಲ. ಯಾವ ಮಗು ಯಾವ ಮಗ್ಗುಲು, ಯಾರಿಗೆ ಕಿವಿಗೆ ಎಣ್ಣೆ, ಯಾರಿಗೆ ಬಿಸಿನೀರು, ಒಂದೂ ಗೊತ್ತಿರ್ಲಿಲ್ಲ. ನಾನು ಹೋದ್ರೆ ಬಂದೋರಿಗೆ ಯಾರು ಹೇಳ್ತಾರೆ? ಈಗ ಹದಿನಾಲ್ಕೂ ಅವಳಿಗೆ ಬರುತ್ತೆ. ನಾಲ್ಕು ಸಲ ಪರೀಕ್ಷೆ ಮಾಡಿದೀನಿ.” ಸೆಲ್ವಿ ಎಂದರೆ ಅವಳಿಗಿಂತ ಒಂದು ವರ್ಷ ಚಿಕ್ಕ ಹುಡುಗಿ. ತಾನು ಬಿಟ್ಟುಹೋಗುವ ಕೆಲಸಕ್ಕೆ ಜನ ತಯಾರು ಮಾಡಿ ಇವಳು ಬಂದಿದ್ದಳು. ನ್ಯಾಯಾಧೀಶರು ಒಪ್ಪಿಗೆ ಬರೆದರು. ನಾನು ಕಟಕಟೆ ಹಿಡಿದು ನಿಂತಿದ್ದೆ. ಇಂಥವಳನ್ನು ಬಿಟ್ಟುಬಿಡೋಣ ಎಂದೆನಲ್ಲ ಎಂದು ನಾಚಿಕೆಯಾಯಿತು.

ದತ್ತು ಆಯಿತು, ಆದರೆ ಕರೆತರುವ ಕಾಗದಪತ್ರ ಆಗಲಿಲ್ಲ. ಅಲ್ಲಿ ಹುಟ್ಟಿದರೂ ತೋಟದ ಜನರಲ್ಲಿ ಎಷ್ಟೋ ಮಂದಿಗೆ ಅಲ್ಲಿಯ ಪ್ರಜೆ ಎಂಬ ಪತ್ರವಿಲ್ಲ, ಇಲ್ಲಿಯದೂ ಇಲ್ಲ. ಇವಳ ಅಪ್ಪ ಅರ್ಜಿ ಹಾಕುವ ಮೊದಲೇ ಹೋಗಿಬಿಟ್ಟಿದ್ದ. ಒಂದು ಕಿಟಕಿಯಲ್ಲಿ ಇವಳು ಇಂಡಿಯಾದವಳು ಎಂದರು, ಇನ್ನೊಂದು ಕಿಟಕಿಯಲ್ಲಿ ಸಿಲೋನಿನವಳು ಎಂದರು. ಗುರುವಾರ ಗುರುವಾರ ಕೊಲಂಬೊದ ಇಂಡಿಯಾ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುವುದೇ ಕೆಲಸವಾಯಿತು. ಒಂದು ಗುರುವಾರ ನಾನು ಬೇಸತ್ತು ಇವರ ಹತ್ತಿರ ತೆಲುಗಿನಲ್ಲಿ ಗೊಣಗಿದೆ, ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ಅದೇ ಭಾಷೆ. ಒಳಗೆ ಬರೆಯುತ್ತಿದ್ದ ನರೆಗೂದಲಿನ ಗುಮಾಸ್ತರೊಬ್ಬರು ತಲೆಯೆತ್ತಿ, “ಏ ಊರಮ್ಮಾ ಮೀದಿ?” ಎಂದು ನಮ್ಮ ಊರು ಕೇಳಿದರು. ಅನಂತಪುರದ ಕಡೆಯವರು. ದೇವನಹಳ್ಳಿ ಎಂದರೆ ಅವರಿಗೆ ಗೊತ್ತು, ಚಕ್ಕೋತದ ಹಣ್ಣು ತಿಂದಿದ್ದರಂತೆ. ಅರ್ಜಿಯನ್ನು ಯಾರ ಹೆಸರಿಗೆ, ಹೇಗೆ ಬರೆಯಬೇಕೆಂದು ತಮ್ಮ ಕೈಯಾರೆ ಬರೆದು ಕೊಟ್ಟರು. ಅದಾದ ಏಳನೆಯ ವಾರಕ್ಕೆ ಪತ್ರ ಬಂತು. ನಿನ್ನ ತಾಯಿಮನೆಯ ತೆಲುಗನ್ನು ನೀನು ನನಗೆ ಬೈಯುತ್ತಲೇ ಕಲಿಸಿದ್ದು ಅಮ್ಮ, ಅದು ಅಲ್ಲಿ ಕೈ ಹಿಡಿಯಿತು.

ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದೆವು. ಇಳಿಯುವ ಕಡೆ ಅಧಿಕಾರಿ ದೊಡ್ಡ ಪುಸ್ತಕ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಮಗುವಿನ ಸರದಿ ಬಂದಾಗ ನಾನು ಉತ್ತರ ಕೊಡಲು ಮುಂದೆ ಹೋದೆ. ಅವರು ನನ್ನನ್ನು ತಡೆದು ಅವಳನ್ನೇ ಕೇಳಿದರು, ನಿನಗೆ ಯಾವ ಊರು ಎಂದು. ಅವಳು ಸೊಂಟದ ಮೇಲೆ ಕೈಯಿಟ್ಟು, “ಕುಂದಾಣ” ಎಂದಳು. ಅಧಿಕಾರಿಗೆ ಆ ಊರೇ ಗೊತ್ತಿಲ್ಲ. “ದೇವನಹಳ್ಳಿ ತಾಲ್ಲೂಕು” ಎಂದು ಅವಳೇ ತಿದ್ದಿದಳು. ಇವರು ಹಡಗಿನಲ್ಲಿ ಬಾಯಿಪಾಠ ಮಾಡಿಸಿದ್ದರಂತೆ. ಆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ಊರು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ.

ಕುಂದಾಣದಲ್ಲಿ ಅತ್ತೆ ಏನೆನ್ನುತ್ತಾರೋ ಎಂಬ ಭಯ ನನಗೆ ಮದ್ರಾಸಿನಿಂದಲೇ ಶುರುವಾಗಿತ್ತು. ನಮ್ಮ ಅತ್ತೆ ಮುತ್ತಮ್ಮನವರ ಬಾಯಿ ನಿನಗೆ ಗೊತ್ತಲ್ಲ. ಅಂಗಳದಲ್ಲಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು ಮಗುವನ್ನು ಮೇಲಿಂದ ಕೆಳಗಿನ ತನಕ ನೋಡಿದರು. “ಎಷ್ಟು ವರ್ಷ?” ಎಂದರು. ಹತ್ತು ಎಂದೆ. “ಒಳ್ಳೇದಾಯ್ತು ಬಿಡು, ಹೇಲುಚ್ಚೆ ಬಳಿಯೋದು ತಪ್ತು” ಎಂದು ಮತ್ತೆ ಮೊರ ಎತ್ತಿಕೊಂಡರು. ಆರತಿಯಿಲ್ಲ, ಅಳುವಿಲ್ಲ, ಅಷ್ಟೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮಗು ಅವರ ಪಕ್ಕದಲ್ಲಿ ಕೂತು ಕಲ್ಲು ಆರಿಸುತ್ತಿದೆ. ಊರಿನ ಒಬ್ಬ ಹೆಂಗಸು ಬಂದು, ತಮಿಳು ಹೆಸರು ಚೆನ್ನಾಗಿಲ್ಲ, ಒಳ್ಳೆ ದೇವರ ಹೆಸರಿಡಿ ಎಂದಳು. ಮಗು ನನ್ನ ಕಡೆ ನೋಡಿದಳು. ಅವಳು ಅಲ್ಲಿಂದ ತಂದದ್ದು ಎರಡು ಲಂಗ ಮತ್ತು ಆ ಹೆಸರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ಪವಳ ಅಂದ್ರೆ ನಮ್ ಹವಳ ತಾನೆ? ಹವಳಕ್ಕಿಂತ ಒಳ್ಳೆ ಹೆಸ್ರು ಎಲ್ ತರ್ತೀಯ” ಎಂದರು. ಮುಗಿಯಿತು. ಈಗ ಕುಂದಾಣದಲ್ಲೆಲ್ಲ ಅವಳು ಹವಳಮ್ಮ. ಹನ್ನೆರಡು ವರ್ಷ ಆ ಅತ್ತೆಯ ಮೇಲೆ ನಾನು ಹೊತ್ತಿದ್ದ ಸಿಟ್ಟನ್ನೆಲ್ಲ ಅವತ್ತು ಇಳಿಸಿಬಿಟ್ಟೆ.

ಎಲ್ಲಾ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ಸ್ಕೂಲಿಗೆ ಒಂದು ತರಗತಿ ಕೆಳಗೆ ಸೇರಿಸಿಕೊಂಡರು, ತನಗಿಂತ ಚಿಕ್ಕವರ ಜೊತೆ ಕೂರುವುದು ಅವಳಿಗೆ ಅವಮಾನ. ಹೋದ ವಾರ ಒಬ್ಬಳು ತಮಿಳಿನವಳೆಂದು ಹಂಗಿಸಿ “ಕೊಂಗ” ಎಂದಳೆಂದು ಸ್ಲೇಟಿನಿಂದ ಹೊಡೆದು ಬಂದಿದ್ದಾಳೆ. ನಾನು ಬೈದೆ. ಅವಳು ತಟ್ಟೆ ಸರಿಸಿ ಗೋಡೆಗೆ ಮುಖ ಮಾಡಿ ಕೂತಳು. ನಿನ್ನ ಕೈಲಿ ಹೊಡೆಸಿಕೊಂಡು ನಾನೂ ಹಾಗೇ ಕೂರುತ್ತಿದ್ದೆ, ಆಗ ನೀನು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಹೆತ್ತವರು ಮಗುವಿನ ಜೊತೆ ಜೊತೆಗೇ ಕಲಿಯುತ್ತಾರೆ, ನಾನು ಹತ್ತು ವರ್ಷದ ಪಾಠವನ್ನು ಎರಡು ತಿಂಗಳಲ್ಲಿ ಕಲಿಯಬೇಕಾಗಿದೆ. ಇವರನ್ನು ಅವಳು ಹಡಗಿನಲ್ಲೇ “ಅಪ್ಪಾ” ಎಂದು ಕರೆದುಬಿಟ್ಟಳು. ನನ್ನನ್ನು ಇನ್ನೂ ಕರೆದಿಲ್ಲ. ಏನಾದರೂ ಬೇಕಾದರೆ ನನ್ನ ಮುಂದೆ ಬಂದು ನಿಲ್ಲುತ್ತಾಳೆ, ನಾನು ತಿರುಗಿ ನೋಡುವ ತನಕ ಕಾಯುತ್ತಾಳೆ. ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ನೀನು ನಂಬುವುದಿಲ್ಲ. ಅವಳಿಗೆ ಆ ಮಾತಿನಿಂದ ಕರೆಯಲು ಒಬ್ಬಳು ಇದ್ದಳಲ್ಲ, ಆರು ವರ್ಷ. ಅವಸರ ಇಲ್ಲ. ನಾನು ತಿರುಗಿ ನೋಡುತ್ತಿರುತ್ತೇನೆ.

ಇನ್ನು ಅಣ್ಣನಿಗೆ. ಇದನ್ನು ಬಿಡದೆ, ಗಟ್ಟಿಯಾಗಿ, ಅತ್ತಿಗೆಗೂ ಕೇಳುವಂತೆ ಓದು. ನಾವು ಸಿಲೋನಿಗೆ ಹೋಗುವ ಮೊದಲು ನಾನು ನಲ್ಲೂರಿಗೆ ಬಂದಾಗಲೆಲ್ಲ ಮುನಿತಾಯಮ್ಮ ಅತ್ತಿಗೆ ಬೈಲಪ್ಪನನ್ನು ಸೊಂಟದಿಂದ ಕೆಳಗಿಳಿಸುತ್ತಿರಲಿಲ್ಲ. ನಾನು ಕೈ ಚಾಚಿದರೆ, “ನಿದ್ದೆಗಣ್ಣು, ಈಗ ಬೇಡ” ಎನ್ನುತ್ತಿದ್ದರು. ಮಗು ಕಣ್ಣರಳಿಸಿ ನಗುತ್ತಿರುತ್ತಿತ್ತು. ನಿಮ್ಮೆಲ್ಲರ ಎದುರಿಗೆ ಅವರು ಬೇಡವೆನ್ನಲಿಲ್ಲ, ಎನ್ನಲು ಅವರನ್ನು ಯಾರೂ ಕೇಳಲೂ ಇಲ್ಲ. ಹೆತ್ತವಳು ಇರುವ ಮಗುವನ್ನು ಕಿತ್ತುಕೊಂಡು ನಾನು ತಾಯಿಯಾಗುವುದು ಬೇಡ, ಅಣ್ಣಾ. ನಿನ್ನ ಮಗನಿಗೆ ನಾನು ಅತ್ತೆ. ಅವನ ಪಾಲಿಗೆ ಅತ್ತೆ ಮಾಡಬೇಕಾದದ್ದರಲ್ಲಿ ಯಾವುದೂ ಕಡಿಮೆಯಾಗುವುದಿಲ್ಲ.

ಅಮ್ಮಾ, ನಿನಗೆ ಒಂದು ನೆನಪಿದೆಯೋ ಇಲ್ಲವೋ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಆರತಿ ಎತ್ತಲು ಹೋದಾಗ ಒಬ್ಬಾಕೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮಕ್ಕಳಿದ್ದ ಇನ್ನೊಬ್ಬಳಿಗೆ ಕೊಟ್ಟಳು. ಊಟಕ್ಕೂ ನನಗೆ ಆ ಸಾಲಿನಲ್ಲಿ ಕೂರಬೇಡ ಎಂದಳು. ಎಲೆಯ ಮೇಲೆ ಅನ್ನ ಬಡಿಸಿಯಾಗಿತ್ತು. ನೀನು ಎದ್ದೆ. “ನನ್ ಮಗಳು ಕೂರ್ಬಾರ್ದಂತ ಪಂಕ್ತೀಲಿ ನಾನ್ಯಾಕೆ ಉಣ್ಲಿ” ಎಂದು ನನ್ನ ಕೈ ಹಿಡಿದು ಬಿಸಿಲಿನಲ್ಲಿ ನಡೆಸಿಕೊಂಡು ಬಂದೆ. ಮನೆಗೆ ಬಂದು ಮುದ್ದೆ ತಿರುವಿ ಇಬ್ಬರೂ ಉಂಡೆವು. ಈ ಹನ್ನೆರಡು ವರ್ಷದಲ್ಲಿ ನಾನು ತಲೆಯೆತ್ತಿ ಓಡಾಡಿದ್ದೇ ಆ ಒಂದು ದಿನದ ಬಲದಿಂದ. ನಿನಗೆ ಅದನ್ನು ಹೇಳಿರಲಿಲ್ಲ, ಇವತ್ತು ಹೇಳಿದ್ದೇನೆ. ತಾಯಿಯಾದವಳು ಏನು ಮಾಡಬೇಕು ಎಂದು ನಾನು ನೋಡಿ ಕಲಿತದ್ದು ನಿನ್ನಿಂದಲೇ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು, ಮಕ್ಕಳ ಕೆನ್ನೆ ಸವರಿ ಮುದ್ದು ಮಾಡು. ನಿನ್ನ ಅಳಿಯಂದಿರು ನಮಸ್ಕಾರ ತಿಳಿಸಿದ್ದಾರೆ. ಹವಳ ಕನ್ನಡದಲ್ಲಿ ತನ್ನ ಹೆಸರು ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಕೆಳಗೆ ಮೂಲೆಯಲ್ಲಿ ಬರೆದಿದ್ದಾಳೆ, ‘ಳ’ ಸ್ವಲ್ಪ ಉರುಳಿಹೋಗಿದೆ. ನಿನ್ನ ಆಶೀರ್ವಾದ ದೂರದಿಂದಲೇ ಆದರೂ ನಮ್ಮ ಮೂವರ ತಲೆಯ ಮೇಲೂ ಇರಲಿ.

ನಿನ್ನ ಮಗಳು,
ಲಕ್ಷ್ಮೀದೇವಿ

ಮರೆತ ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾವು ಮೂವರೂ ನಲ್ಲೂರಿಗೆ ಬರುತ್ತಿದ್ದೇವೆ. ನಿನ್ನ ಹೊಸ್ತಿಲು ತುಳಿಯುವುದಿಲ್ಲ, ನೀನು ಹೇಳಿದ ಮಾತು ಮೀರುವುದಿಲ್ಲ. ಸಂಜೆಯ ಬಸ್ಸಿನ ತನಕ ಜಗಲಿಯ ಮೇಲೆ ಕೂತಿದ್ದು ಹೋಗುತ್ತೇವೆ. ಮಗುವಿಗೆ ಬಿಸಿಲು ಆಗುವುದಿಲ್ಲ, ಬೇಗ ಬಾಯಾರುತ್ತದೆ. ಒಂದು ಚೊಂಬು ನೀರು ಮಾತ್ರ ನಿನ್ನ ಕೈಯಾರೆ ಕೊಡು.